ಅವ್ವನಿಗಾಗಿ ನಾಲ್ಕು ಸ್ಪ್ರಿಂಗು

ಇಪ್ಪತ್ತೆರಡು ವರ್ಷಗಳಿಂದ ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತ ಬಂದಿದ್ದೇನೆ. ಸ್ಪ್ರಿಂಗಿನ ಪಾಠ ಬಂತೆಂದರೆ ನನ್ನ ಮುಖಕ್ಕೆ ಒಂದು ಕಳೆ ಬರುತ್ತದೆ ಎಂದು ಹುಡುಗರು ಹೇಳುತ್ತಾರೆ. ಬೋರ್ಡಿನ ಮೇಲೆ ಒಂದು ಗೋಡೆ, ಗೋಡೆಗೊಂದು ಅಂಕುಡೊಂಕು ಗೆರೆ, ಗೆರೆಯ ತುದಿಗೆ ಒಂದು ಚೌಕ. ಮುಗಿಯಿತು. ಆ ಚೌಕ ನನ್ನ ಬೋರ್ಡಿನ ಮೇಲೆ ಎಂದೂ ತುಕ್ಕು ಹಿಡಿದಿಲ್ಲ, ಅದರ ನಟ್ಟು ಎಂದೂ ಜಾಮ್ ಆಗಿಲ್ಲ, ಅದು ಎಂದೂ ಜಾರಿ ನನ್ನ ಹೆಬ್ಬೆರಳಿನ ಮೇಲೆ ಬಿದ್ದಿಲ್ಲ. ಘರ್ಷಣೆ ಇಲ್ಲವೆಂದು ಭಾವಿಸಿರಿ ಎಂದು ಒಂದು ಮಾತು ಹೇಳಿಬಿಟ್ಟರೆ ಘರ್ಷಣೆ ಕೂಡ ಮರ್ಯಾದೆಯಿಂದ ಹೊರಗೆ ಹೋಗಿ ನಿಲ್ಲುತ್ತದೆ. ನಿಜವಾದ ಸ್ಪ್ರಿಂಗನ್ನು ನಾನು ಕೈಯಲ್ಲಿ ಹಿಡಿದದ್ದು ಹೋದ ವರ್ಷ, ನನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಬಾಲ್‌ಪೆನ್ನಿನ ಸ್ಪ್ರಿಂಗನ್ನು ಬಿಟ್ಟು ಹೇಳುತ್ತಿದ್ದೇನೆ. ಅದನ್ನೂ ನಾನು ಬಿಚ್ಚಿ ಜೋಡಿಸಿದ ಮೇಲೆ ಪೆನ್ನು ಮತ್ತೆ ಬರೆದ ಉದಾಹರಣೆ ನಮ್ಮ ಮನೆಯಲ್ಲಿಲ್ಲ.

ಇಂಥ ನಾನು ಕಾರಿನ ಕೆಳಗೆ ತೂರಿಕೊಳ್ಳಲು ಕಾರಣ ನಮ್ಮ ಅವ್ವ. ಅವ್ವನಿಗೆ ಒಬ್ಬಳೇ ಅಕ್ಕ. ನಮಗೆಲ್ಲ ದೊಡ್ಡವ್ವ. ಇಬ್ಬರೂ ಉಪ್ಪಿನಬೆಟಗೇರಿಯಲ್ಲಿ ಒಂದೇ ಕೌದಿಯೊಳಗೆ ಮಲಗಿ ಬೆಳೆದವರು. ದೊಡ್ಡಪ್ಪನಿಗೆ ಕಾರವಾರದಲ್ಲಿ ನೌಕರಿ ಇತ್ತೆಂದು ದೊಡ್ಡವ್ವ ಅಲ್ಲಿಗೆ ಹೋದವಳು, ಅಲ್ಲಿಯವಳೇ ಆಗಿಬಿಟ್ಟಳು. ಹನ್ನೊಂದು ವರ್ಷಗಳ ಹಿಂದೆ ದೊಡ್ಡಪ್ಪ ತೀರಿಕೊಂಡರು. ನಾನೂ ನನ್ನ ಹೆಂಡತಿ ಸುಮಾನೂ ಬಸ್ಸಿನಲ್ಲಿ ಹೋಗಿ ಮಣ್ಣು ಮಾಡಿ ಬಂದೆವು. ಅವ್ವ ಬರಲಿಲ್ಲ. ಅದಕ್ಕೂ ಮೊದಲು ಅವರು ಎರಡು ತಿಂಗಳು ಹಾಸಿಗೆ ಹಿಡಿದಿದ್ದಾಗಲೂ ಹೋಗಿರಲಿಲ್ಲ, ಆಮೇಲೂ ಹೋಗಲಿಲ್ಲ. ಕಾರಣ ಯಲ್ಲಾಪುರದ ಆಚೆಯ ಘಟ್ಟ. ಘಟ್ಟದ ತಿರುವುಗಳಲ್ಲಿ ಅವ್ವನಿಗೆ ವಾಂತಿಯಾಗುತ್ತದೆ, ಸಾಮಾನ್ಯ ವಾಂತಿಯಲ್ಲ, ಜೀವ ಹೋಗಿ ಬರುವಂಥದ್ದು. ಮೊದಲೆಲ್ಲ ಹಬ್ಬಕ್ಕೆ ದೊಡ್ಡವ್ವನೇ ಇತ್ತ ಬರುತ್ತಿದ್ದಳು, ಆಮೇಲೆ ಮೊಣಕಾಲು ನೋವೆಂದು ಅವಳೂ ಬಂದಿರಲಿಲ್ಲ. ಹೀಗಾಗಿ ಅಕ್ಕತಂಗಿಯರ ಭೇಟಿಯೆಲ್ಲ ರವಿವಾರ ಹತ್ತು ಗಂಟೆಯ ಫೋನಿನಲ್ಲಿ. “ಒಮ್ಮೆ ಬಂದ ಹೋಗ ನಮ್ಮವ್ವಾ” ಎಂದು ಆ ಕಡೆಯಿಂದ, “ಏನ ಮಾಡ್ಲಿ ಅಕ್ಕಾ, ಘಟ್ಟದಾಗ ನನಗ ತಡ್ಯಾಕ ಆಗೂದಿಲ್ಲ” ಎಂದು ಈ ಕಡೆಯಿಂದ. ಮೊದಲು ತಪ್ಪೆಲ್ಲ ಬಸ್ಸಿನದಾಗಿತ್ತು. ಆರು ವರ್ಷಗಳ ಹಿಂದೆ ನಾನು ಈ ಸಣ್ಣ ಕಾರು ಕೊಂಡ ಮೇಲೆ ಆರೋಪ ಬಸ್ಸಿನಿಂದ ಕಾರಿಗೆ ವರ್ಗವಾಯಿತು. “ಬಸುನ ಕಾರು ಹೊಳ್ಳಿದಲ್ಲೆಲ್ಲಾ ವಾಲತೈತಿ ಅಕ್ಕಾ, ಕುಂತವರ ಹೊಟ್ಟಿ ಬಾಯಿಗೆ ಬರತೈತಿ.” ಬಸು ಎಂದರೆ ನಾನು.

ಪ್ರತಿ ರವಿವಾರ ನನ್ನ ಕಾರಿನ ಮಾನ ಹರಾಜಾಗುವುದನ್ನು ಪಕ್ಕದ ಕೋಣೆಯಲ್ಲಿ ಕೂತು ಪೇಪರು ಓದುತ್ತ ಕೇಳುವುದು ಸುಲಭದ ಮಾತಲ್ಲ. ಆದರೆ ಹೋದ ವರ್ಷ ಒಂದು ರವಿವಾರ ಫೋನು ಇಟ್ಟ ಮೇಲೆ ಅವ್ವ ಕಣ್ಣೊರೆಸಿಕೊಂಡಳು. ದೊಡ್ಡವ್ವನಿಗೆ ಎಪ್ಪತ್ತೊಂಬತ್ತು ತುಂಬಿತ್ತು. “ಇನ್ನ ಎಷ್ಟ ರವಿವಾರ ಅದಾವೋ” ಅಂದಳಂತೆ.  ಛೇ, ಇಬ್ಬರು ಅಕ್ಕತಂಗಿಯರ ನಡುವೆ ನನ್ನ ಕಾರಿನ ಓಲಾಟ ಅಡ್ಡ ನಿಂತಿದೆಯಲ್ಲ, ಅದೂ ಓಲಾಟದ ಪಾಠ ಹೇಳುವವನ ಕಾರಿನದು ಎಂದು ನನಗೆ ನಾಚಿಕೆಯಾಯಿತು. ಅವತ್ತೇ ನಿಶ್ಚಯ ಮಾಡಿದೆ. ಊಟದ ಟೇಬಲ್ಲಿನ ಮೇಲೆ ಹಾಳೆ ಹರಡಿ ಕಾರಿನ ತೂಕ, ಎತ್ತರ, ಗಾಲಿಗಳ ನಡುವಿನ ಅಂತರ ಎಲ್ಲ ಬರೆದು ಲೆಕ್ಕ ಮಾಡಿದೆ. ಗಟ್ಟಿ ಸ್ಪ್ರಿಂಗು ನಾಲ್ಕು, ಬಿಗಿಯಾದ ಶಾಕ್ ಅಬ್ಸಾರ್ಬರು ನಾಲ್ಕು, ಹಿಂದಿನ ಆಕ್ಸಲಿಗೆ ಅಡ್ಡಲಾಗಿ ಕೂಡಿಸುವ ಒಂದು ಉಕ್ಕಿನ ಸರಳು. ಈ ಸರಳಿದ್ದರೆ ಕಾರು ತಿರುವಿನಲ್ಲಿ ಒಂದು ಮಗ್ಗುಲಿಗೆ ವಾಲುವುದಿಲ್ಲ. ಸುಮಾ ಚಪಾತಿಯ ತಾಟು ಹಿಡಿದು ನಿಂತು ಹಾಳೆಗಳನ್ನು ನೋಡಿದಳು. “ಅಲ್ರೀ, ಹೋದ ತಿಂಗಳು ಮಿಕ್ಸರ್ ರಿಪೇರಿ ಮಾಡಾಕಂತ ಹಿಂಗ ಹಾಳಿ ತಗೊಂಡ ಕುಂತಿದ್ರಿ. ಈಗ ನಾನು ಚಟ್ನಿ ಒಳಕಲ್ಲಿನ್ಯಾಗ ರುಬ್ಬಾಕತ್ತೇನಿ” ಅಂದಳು. ದೊಡ್ಡ ಕೆಲಸಕ್ಕೆ ಹೊರಟವರು ಇಂಥ ಮಾತುಗಳನ್ನು ಕಿವಿಗೆ ಹಾಕಿಕೊಳ್ಳಬಾರದು.

ಹುಬ್ಬಳ್ಳಿಯ ಅಂಗಡಿಯವನಿಗೆ ನನ್ನ ಪಟ್ಟಿ ನೋಡಿ ಆಶ್ಚರ್ಯವಾಯಿತು. “ಸರ್, ಇವನ್ನ ರೇಸ್ ಹುಚ್ಚಿನ ಹುಡುಗರು ಹಾಕಸ್ತಾರ್ರಿ. ತಾವು ಯಾರಿಗೆ?” ಎಂದು ಕೇಳಿದ. “ನಮ್ಮ ಅವ್ವಗ” ಅಂದೆ. ಅವನು ಪಟ್ಟಿಯನ್ನು ಮತ್ತೊಮ್ಮೆ ಓದಿ ಬಿಲ್ಲು ಬರೆದ. ಸಾಮಾನು ಬರಲು ಮೂರು ವಾರವಾಯಿತು. ಬಂದ ದಿನ ಸ್ಪ್ರಿಂಗುಗಳನ್ನು ನಡುಮನೆಯಲ್ಲಿ ಸಾಲಾಗಿ ನಿಲ್ಲಿಸಿದೆ. ಅವ್ವ ಅವುಗಳಿಗೆ ವಿಭೂತಿ ಹಚ್ಚಿದಳು. ಆಗ ಅವಳ ಮುಖದಲ್ಲಿ ಸಂತೋಷವಿರಲಿಲ್ಲ, ಒಂದು ತರದ ಗಾಬರಿ ಇತ್ತು. ನಾನು ಅದನ್ನು ನನ್ನ ಕೈಗುಣದ ಮೇಲಿನ ಅಪನಂಬಿಕೆ ಎಂದು ತಿಳಿದುಕೊಂಡೆ. ಅದೂ ಇತ್ತೆನ್ನಿ.

ಗ್ಯಾರೇಜಿಗೆ ಒಯ್ಯಬಹುದಿತ್ತು. ಆದರೆ ಸಿದ್ಧಾಂತ ನನ್ನದು, ಕಾರು ನನ್ನದು, ಅವ್ವ ನನ್ನವಳು, ಕೀರ್ತಿ ಮಾತ್ರ ಗ್ಯಾರೇಜಿನವನದು ಎಂದರೆ ಹೇಗೆ? ಆದರೂ ಜೀವಭಯ ಎಂಬುದೊಂದಿದೆ. ಅದಕ್ಕಾಗಿ ಹಿಂದಿನ ಓಣಿಯ ಮಾಬುಸಾಬರನ್ನು ಕರೆದೆ. ಮೂವತ್ತು ವರ್ಷ ಬಸ್ಸುಗಳ ಕೆಳಗೆ ಮಲಗಿ ಕೆಲಸ ಮಾಡಿ ನಿವೃತ್ತರಾದವರು. “ನಾ ಬರೇ ಕುಂತ ನೋಡ್ತೇನ್ರಿ ಸರ್, ಮಾಡೂದೆಲ್ಲಾ ನೀವs ಮಾಡ್ರಿ” ಎಂದು ಒಪ್ಪಿಕೊಂಡು ಬಂದರು. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಜ್ಯಾಕು ಹಚ್ಚಿ ಗಾಲಿ ಬಿಚ್ಚಿದೆವು. ನಮ್ಮ ಓಣಿಯಲ್ಲಿ ಯಾರಾದರೂ ಪಿಎಚ್‌ಡಿ ಮಾಡಿದರೆ ಒಬ್ಬರೂ ಬಂದು ಕೇಳುವುದಿಲ್ಲ. ಕಾರಿನ ಒಂದು ಗಾಲಿ ಬಿಚ್ಚಿದರೆ ಸಾಕು, ಗೇಟಿನ ಬಳಿ ಚಹಾದ ಕಪ್ಪು ಹಿಡಿದ ಏಳು ಮಂದಿ. ಒಬ್ಬರು ಎಡಕ್ಕೆ ತಿರುಗಿಸಿ ಅಂದರು, ಇನ್ನೊಬ್ಬರು ಬಲಕ್ಕೆ ಅಂದರು, ಮೂರನೆಯವರು ಈ ಕಾರನ್ನೇ ತೆಗೆದುಕೊಳ್ಳಬಾರದಿತ್ತು ಅಂದರು. ನಾನು ಎಲ್ಲರಿಗೂ ಸಂಕ್ಷಿಪ್ತವಾಗಿ ಸ್ಥಿತಿಸ್ಥಾಪಕತ್ವದ ನಿಯಮವನ್ನು ವಿವರಿಸಿದೆ. ವಿವರಿಸುತ್ತಲೇ ನಟ್ಟು ತಿರುಗಿಸುವ ಪಾನಾ ಜಾರಿ ನನ್ನ ಬಲಗೈ ಹೆಬ್ಬೆರಳು ಗಾಲಿಯನ್ನು ಹಿಡಿದಿರುವ ಉಕ್ಕಿನ ತೋಳಿಗೆ ಅಪ್ಪಳಿಸಿತು. “ಯಪ್ಪಾ!” ಎಂದು ಕೂಗಿದ್ದು ಮೂರು ಮನೆಯಾಚೆ ಕೇಳಿಸಿತಂತೆ. ಅಲ್ಲಿಂದ ಮುಂದೆ ನಾನು ಕುಂತು ನೋಡಿದೆ, ಮಾಡುವುದೆಲ್ಲ ಮಾಬುಸಾಬರು ಮಾಡಿದರು.

ಸಂಜೆಯೊಳಗೆ ಎಲ್ಲ ಕೂಡಿತು. ಆದರೆ ಹಿಂದಿನ ತೋಳುಗಳ ಕೊನೆಯ ಎರಡು ಬೋಲ್ಟುಗಳನ್ನು ಮಾಬುಸಾಬರು ಸಡಿಲವಾಗಿಯೇ ಬಿಟ್ಟರು. “ಇವನ್ನ ಖಾಲಿ ಗಾಡಿಯೊಳಗ ಬಿಗಿ ಮಾಡಬಾರದ್ರಿ. ಒಳಗಿನ ರಬ್ಬರ್ ತಿರುಚಿಕೊಂಡ ಹರೀತೈತಿ. ಮಂದಿ ಕುಂತಾಗ ಗಾಡಿ ಎಷ್ಟ ಇಳೀತೈತಿ ನೋಡ್ರಿ, ಅಷ್ಟ ಇಳದಾಗ ಬಿಗಿ ಮಾಡಬೇಕು. ನಾಳೆ ಮುಂಜಾನೆ ಯಾರನ್ನರ ಕೂಡ್ರಿಸ್ರಿ.” ಭೌತಶಾಸ್ತ್ರದ ದೃಷ್ಟಿಯಿಂದ ಇದು ನೂರಕ್ಕೆ ನೂರು ಸರಿ. ನನಗೆ ಹೊಳೆದಿರಲಿಲ್ಲ ಅಷ್ಟೇ.

ಹೀಗೆ ರವಿವಾರ ಮುಂಜಾನೆ ನಮ್ಮ ಅಂಗಳದಲ್ಲಿ ನಾಲ್ಕೂ ಗಾಲಿಗಳ ಕೆಳಗೆ ಅಗಲವಾದ ಮರದ ದಿಮ್ಮಿ ಕೊಟ್ಟು ಕಾರನ್ನು ಒಂದು ಮೊಳ ಎತ್ತರದಲ್ಲಿ ನಿಲ್ಲಿಸಿದ್ದಾಯಿತು. ಭಾರಕ್ಕೆಂದು ಹಿಂದಿನ ಸೀಟಿನಲ್ಲಿ ಅವ್ವ, ಅವಳ ಜೊತೆಗೆ ಎದುರು ಮನೆಯ ಗಂಗಕ್ಕ. ಇಬ್ಬರನ್ನೂ ಸ್ಟೂಲು ಹಾಕಿ ಹತ್ತಿಸಿದೆವು. ಮುಂದೆ ನನ್ನ ಜಾಗದಲ್ಲಿ ಜೋಳದ ಚೀಲ. “ನಿಮ್ಮ ತೂಕಕ್ಕ ಬರೋಬ್ಬರಿ ಐತಿ ನೋಡ್ರಿ. ಮಾತೂ ಕಡಿಮಿ” ಅಂದಳು ಸುಮಾ. ಮನೆಗೆ ಬಂದವರನ್ನು ಬಾಯಿ ಒಣಗಿಸಿ ಕೂಡಿಸುವ ರೂಢಿ ನಮ್ಮಲ್ಲಿಲ್ಲ, ಕಾರಿನಲ್ಲಿ ಕೂಡಿಸಿದರೂ ಅಷ್ಟೇ. ಸುಮಾ ಕಿಡಕಿಯೊಳಗಿಂದ ಎರಡು ತಾಟು ಒಗ್ಗರಣೆ ಅವಲಕ್ಕಿ, ಎರಡು ಕಪ್ಪು ಚಹಾ ಕೊಟ್ಟು ಒಳಗೆ ಹೋದಳು. ಆ ಅವಲಕ್ಕಿಯ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕೇ ಎಂದು ನಾನು ಮಾಬುಸಾಬರನ್ನು ಕೇಳಿದೆ. ಅವರು ದೊಡ್ಡ ಪಾನಾ ಮನೆಯಲ್ಲೇ ಬಿಟ್ಟು ಬಂದಿದ್ದೇನೆ, ತರುತ್ತೇನೆ ಎಂದು ಹೊರಟರು. ನಾನು ಕಾರಿನ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿ, ಬೋಲ್ಟಿನ ಮೇಲೆ ಕೈಯಿಟ್ಟು ಸುಮ್ಮನೆ ಕಾಯುತ್ತಿದ್ದೆ.

ಮೇಲೆ ಸ್ವಲ್ಪ ಹೊತ್ತು ಚಮಚೆಯ ಸಪ್ಪಳ. ಆಮೇಲೆ ಗಂಗಕ್ಕನ ದನಿ: “ಇಬ್ಬರೂ ಎಲ್ಲಿಗೋ ಹೋದ್ರಂತ ಕಾಣತೈತಿ. ಅಂತೂ ಕಾರವಾರ ಗಟ್ಟಿ ಆತಲ್ರಿ, ಇನ್ನ ವಾಂತಿ ಆಗೂದಿಲ್ಲ.”

“ನನಗ ಎಲ್ಲಿ ವಾಂತಿ ಆಗತೈತಿ ಗಂಗಕ್ಕಾ?” ಅಂದಳು ನಮ್ಮ ಅವ್ವ. “ಹುಟ್ಟಿದಾಗಿಂದ ಒಮ್ಮೆನೂ ಆಗಿಲ್ಲ.”

 ಅವ್ವ ನಿಧಾನವಾಗಿ ಹೇಳತೊಡಗಿದಳು. “ನಮ್ಮ ಮಾಮಾ, ಅಕ್ಕನ ಗಂಡಾ, ಆರಡಿ ಎತ್ತರದ ಮನಶ್ಯಾರು. ಹಾಸಿಗಿ ಹಿಡದು ಇಷ್ಟs ಇಷ್ಟ ಆಗ್ಯಾರ, ಗುರ್ತ ಸಿಗೂದಿಲ್ಲ ಅಂತ ಅಕ್ಕ ಫೋನಿನ್ಯಾಗ ಅತ್ತಳು. ಎರಡ ದಿವಸ ಬಂದ ನನ್ನ ಜೋಡಿ ಇರು ಅಂದ್ಲು. ನನಗ ಅವರನ್ನ ಹಂಗ ನೋಡಾಕ ಅಂಜಿಕಿ ಬಂತವ್ವಾ.  ಬಾಯಿಗೆ ಬಂದದ್ದು ಹೇಳಿದೆ, ಘಟ್ಟದಾಗ ವಾಂತಿ ಆಗತೈತಿ ಅಂತ. ಮುಂದಿನ ವಾರ ಧೈರ್ಯ ಮಾಡಿ ಹೋದ್ರಾತು ಅನ್ಕೊಂಡಿದ್ದೆ. ಮುಂದಿನ ವಾರ ಅವರs ಇರಲಿಲ್ಲ. ಮಣ್ಣಿಗೆ ಹೋಗಬೇಕಂದ್ರ, ಇವತ್ತ ಆಗದ ವಾಂತಿ ಮೊನ್ನೆ ಹೆಂಗ ಆಗತಿತ್ತು ಅಂತ ಅಕ್ಕ ಅಂದ್ರ? ಹಂಗs ಕುಂತೆ. ಹನ್ನೊಂದ ವರ್ಷ ಆತು. ಈಗ ಇಂವಾ ಒಬ್ಬ ಕಾರ್ ರಿಪೇರಿ ತಗದಾನ.”

ಗಂಗಕ್ಕ ತಾಟು ಕೆಳಗಿಟ್ಟ ಸಪ್ಪಳವಾಯಿತು. ಆಮೇಲೆ, “ಹೋಗಿ ಬಿಡ್ರಿ ಅಕ್ಕಾರ” ಅಂದಳು. “ಆಗ ಬಸ್ಸು ವಾಲತಿತ್ತು, ಆಮ್ಯಾಲೆ ಕಾರು ವಾಲತಿತ್ತು, ಈಗ ಮಗ ಸರಿ ಮಾಡ್ಯಾನ, ಬಂದೆ ಅನ್ರಿ. ಯಾರ ಏನ ಕೇಳ್ತಾರ?”

“ಸರಿ ಆಗಬೇಕಲ್ಲ ಮೊದಲ! ಇವನ ಕೈಗುಣ ನನಗ ಗೊತ್ತಿಲ್ಲೇನು?” ಅಂದಳು ಅವ್ವ. ಅಳುತ್ತಿದ್ದಳೆಂದು ಕಾಣುತ್ತದೆ, ಮೂಗು ಏರಿಸಿದ ಸಪ್ಪಳ ಕೇಳಿತು.

ಕೆಳಗೆ ನನ್ನ ಕಣ್ಣಲ್ಲಿ ನೀರು. ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಗ್ರೀಸು ಬಳಿದುಕೊಂಡೆ. ಅವ್ವನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಪಾಪ ಅನಿಸಿತು. ಒಂದು ಸಣ್ಣ ಅಂಜಿಕೆಯನ್ನು ಮುಚ್ಚಿಕೊಂಡು ಹನ್ನೊಂದು ವರ್ಷ ಪ್ರತಿ ರವಿವಾರ ಅದೇ ಸುಳ್ಳನ್ನು ಹೊತ್ತಿದ್ದಳಲ್ಲ! ನಾನು ಅದೇ ಮನೆಯಲ್ಲಿ ಕೂತು ಪೇಪರು ಓದುತ್ತಿದ್ದೆ. ಮಾಬುಸಾಬರು ಬಂದು ಬಗ್ಗಿ ನೋಡಿ, “ಏನ್ರಿ ಸರ್, ಹೆಬ್ಬಟ್ಟ ಇನ್ನೂ ನೋಯತೈತೇನ್ರಿ?” ಎಂದು ಕೇಳಿದರು. “ಹೂಂರಿ” ಅಂದೆ. ಮೇಲಿನವರಿಗೆ ಕೇಳಲೆಂದು, “ಈಗs ಕೆಳಗ ಬಂದೇನ್ರಿ” ಎಂದೂ ಸೇರಿಸಿದೆ. ಬೋಲ್ಟು ಬಿಗಿಯಾಯಿತು. ಈಗ ಕಾರಿನ ಓಲಾಟ ಹೋಗುವುದು ಮೊದಲಿಗಿಂತ ಅಗತ್ಯವಾಗಿತ್ತು. ಓಲಾಟ ಹೋದರೆ ಅವ್ವನ ಸುಳ್ಳಿಗೆ ಒಂದು ಸಾಕ್ಷಿ ಸಿಗುತ್ತಿತ್ತು, ಸಾಕ್ಷಿ ಸಿಕ್ಕರೆ ಅವಳು ಅಕ್ಕನ ಮುಖ ನೋಡಬಹುದಿತ್ತು. ಭೌತಶಾಸ್ತ್ರವನ್ನು ಇಂಥ ಕೆಲಸಕ್ಕೆ ಹಚ್ಚಿದ ಮೊದಲ ಮೇಷ್ಟ್ರು ನಾನೇ ಇರಬೇಕು.

ಓಲಾಟ ಹೋಯಿತು. ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. ಮಾಬುಸಾಬರು ನಡೆಸಿ, ಕೆಲಗೇರಿ ಕಡೆಗೆ ಒಯ್ದು ತಿರುವಿನಲ್ಲಿ ಹೊಳ್ಳಿಸಿ ನೋಡಿದರೆ ಕಾರು ಒಂದಿಷ್ಟೂ ವಾಲಲಿಲ್ಲ. ಆದರೆ ರಸ್ತೆಯ ಮೇಲೆ ಒಂದು ಕಡಲೆಕಾಳು ಬಿದ್ದಿದ್ದರೂ ಅದು ಸಿಪ್ಪೆಯದೋ ಹುರಿದದ್ದೋ ಎಂಬುದು ಬೆನ್ನಿಗೆ ಗೊತ್ತಾಗತೊಡಗಿತು. ಸುಮಾಗೆ ಅಡುಗೆಮನೆಯಲ್ಲಿ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು, “ಪಾಪ ಅತ್ತಿ” ಅಂದಳು, ಮತ್ತೆ ಲಟ್ಟಣಿಗೆ ತೆಗೆದುಕೊಂಡು, “ಗೊತ್ತಾಗೇತಿ ಅಂತ ಗುರ್ತ ಕೊಟ್ಟೀರಿ, ಜ್ವಾಕಿ” ಅಂದಳು. ಅವ್ವನಿಗೆ ನಾನು ಕಾರು ಕಲ್ಲಿನ ಹಾಗೆ ನಿಲ್ಲುತ್ತದೆ, ಇನ್ನು ಯಾರಿಗೂ ಏನೂ ಆಗುವುದಿಲ್ಲ ಎಂದು ಪ್ರಮಾಣ ಮಾಡಿದೆ. ಮೂರನೆಯ ದಿನ ಅವಳು ತಾನೇ ಶೇಂಗಾ ಹುರಿಯಲು ಕೂತಳು. ದೊಡ್ಡವ್ವನಿಗೆ ಶೇಂಗಾ ಹೋಳಿಗೆ ಎಂದರೆ ಜೀವ.

ನನ್ನ ಹೆಬ್ಬೆರಳಿಗೆ ಪಟ್ಟಿ ಇದ್ದುದರಿಂದ ಕಾರು ಸುಮಾ ನಡೆಸಿದಳು. ಅವ್ವ ಹಿಂದೆ ಕೂತು, ಹನ್ನೊಂದು ವರ್ಷದ ಮಾತಿಗೆ ಕುಂದು ಬರಬಾರದೆಂದು ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದಿದ್ದಳು. ಯಲ್ಲಾಪುರ ದಾಟಿ ಘಟ್ಟ ಸುರುವಾಯಿತು. “ಹೆಂಗೈತಿ ಅವ್ವಾ?” ಎಂದು ನಾನು. “ಸದ್ಯಕ್ಕೇನೂ ಇಲ್ಲಪಾ, ಛಲೋ ಮಾಡೀದಿ” ಎಂದು ಅವಳು, ನಿಂಬೆಹಣ್ಣು ಮೂಸುತ್ತ. ನಾಟಕದಲ್ಲಿ ನಾವಿಬ್ಬರೂ ಒಬ್ಬರಿಗಿಂತ ಒಬ್ಬರು ಮೇಲು. ನಾನು ಹೊಸ ಸರಳಿನ ಸಪ್ಪಳ ಕೇಳಲೆಂದು ತಲೆ ಬಗ್ಗಿಸಿ ಕಾಲ ಬಳಿ ಕಿವಿಯಿಟ್ಟಿದ್ದೆ. ಮೂರನೆಯ ತಿರುವಿನಲ್ಲಿ ಬೆವರಿತು. ನಾಲ್ಕನೆಯದರಲ್ಲಿ ಬಾಯಲ್ಲಿ ನೀರೂರಿತು. ಐದನೆಯದರಲ್ಲಿ, “ಸುಮಾ, ನಿಲ್ಲಿಸು” ಎಂದೆ. ನಿಲ್ಲಿಸುವಷ್ಟು ಜಾಗವಿರಲಿಲ್ಲ. ಹಿಂದಿನಿಂದ ಅವ್ವನ ಕೈ ಸರಕ್ಕನೆ ಬಂತು, ಚೀಲ ಬಾಯಿ ತೆರೆದೇ ಇತ್ತು. ಮುಂದಿನದನ್ನು ನಾನು ವರ್ಣಿಸುವುದಿಲ್ಲ. ಅವ್ವ ನನ್ನ ಹಣೆ ಹಿಡಿದು, ಬೆನ್ನು ಸವರಿ, ನಿಂಬೆಹಣ್ಣನ್ನು ನನ್ನ ಮೂಗಿಗೆ ಒತ್ತಿ, “ಏನೂ ಆಗಂಗಿಲ್ಲ, ಕಣ್ಣ ಮುಚ್ಚು” ಅಂದಳು. ಸುಮಾ ಮುಂದೆ ನೋಡಿಕೊಂಡೇ ಹೋದಳು, ಅವಳ ಭುಜ ಮಾತ್ರ ಅಲುಗುತ್ತಿತ್ತು.

ಕಾರವಾರದಲ್ಲಿ ದೊಡ್ಡವ್ವ ಗೋಡೆ ಹಿಡಿದು ಬಾಗಿಲಿಗೇ ಬಂದು ನಿಂತಿದ್ದಳು. ತಲೆಯೆಲ್ಲ ಬೆಳ್ಳಗಾಗಿತ್ತು. ಅವ್ವ ಕಾರಿನಿಂದ ಇಳಿದು ಗೇಟಿನ ಬಳಿಯೇ ನಿಂತಳು, ಮುಂದೆ ಕಾಲಿಡಲಿಲ್ಲ.   ಕೊನೆಗೆ ನಾನೇ ಧೈರ್ಯ ಮಾಡಿ, “ದೊಡ್ಡವ್ವಾ, ಕಾರ್ ಸರಿ ಮಾಡೇನಿ. ಮೊದಲ ಭಾಳ ವಾಲತಿತ್ತು. ಅದಕ್ಕs ಅವ್ವಗ ಬರಾಕ ಆಗಿರಲಿಲ್ಲ” ಅಂದೆ.

ದೊಡ್ಡವ್ವ ನನ್ನ ಬಿಳಿಚಿದ ಮುಖ ನೋಡಿದಳು, ಆಮೇಲೆ ತಂಗಿಯನ್ನು ನೋಡಿದಳು. ನನ್ನ ಕಡೆ ತಿರುಗಿ ಒಮ್ಮೆಲೇ ಸುರು ಮಾಡಿದಳು. “ಇಷ್ಟ ವರ್ಷ ಏನ ಮಾಡಾಕತ್ತಿದ್ದೆಲೇ ಬಸ್ಯಾ? ದೊಡ್ಡ ಕಾಲೇಜಿನ್ಯಾಗ ಪಾಠಾ ಹೇಳ್ತಾನಂತ! ಒಂದ ಕಾರ್ ಸರಿ ಮಾಡಾಕ ಇಷ್ಟ ದಿನ ಬೇಕೇನು? ನಿನ್ನ ಸಲುವಾಗಿ ನನ್ನ ತಂಗಿ ಮಾರಿ ನೋಡದಂಗ ಆತಲ್ಲೋ ನನಗ!”

“ತಪ್ಪಾತು ದೊಡ್ಡವ್ವಾ” ಅಂದೆ. ಇನ್ನೂ ನಾಲ್ಕು ಬೈಗುಳಕ್ಕೆ ತಯಾರಾಗಿಯೇ ತಲೆ ಬಗ್ಗಿಸಿದ್ದೆ.

“ಅವಗ ಬೈಬ್ಯಾಡ ಅಕ್ಕಾ” ಎಂದಳು ಅವ್ವ.  “ಕಾರಿಂದೇನೂ ತಪ್ಪಿಲ್ಲ, ಬಸ್ಸಿಂದೂ ತಪ್ಪಿಲ್ಲ. ನನಗ ಮಾಮಾನ್ನ ನೋಡಾಕ ಅಂಜಿಕಿ ಬಂತು. ನಾನs ಬರಲಿಲ್ಲ.”

“ಗೊತ್ತೈತಿ” ಅಂದಳು ದೊಡ್ಡವ್ವ. “ಪಂಚಮಿ ಜೋಕಾಲಿ ಅಷ್ಟ ಎತ್ತರ ಜೀಕಿ ಇಳದು, ಹಂಗs ಎಂಟ ಉಂಡಿ ತಿಂದಾಕಿ ನೀನು. ನಿನಗ ವಾಂತಿ? ಒಳಗ ಬಾ, ಅನ್ನ ಆರತೈತಿ.”

ಅವ್ವ ಓಡಿ ಹೋಗಿ ಅಕ್ಕನನ್ನು ತಬ್ಬಿಕೊಂಡಳು. ಎಪ್ಪತ್ತಮೂರರ ವಯಸ್ಸಿನಲ್ಲಿ ಹಾಗೆ ಓಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಇಬ್ಬರೂ ಅತ್ತರು, ಸುಮಾನೂ ಅತ್ತಳು. ನಾನು ಅಳುವ ಶಕ್ತಿ ಇಲ್ಲದೆ ಕಟ್ಟೆಯ ಮೇಲೆ ಕೂತೆ. ಊಟದ ಹೊತ್ತಿನಲ್ಲಿ ಕಾರಿನ ಹೊಸ ಸರಳಿನ ಬಗ್ಗೆ ಎರಡು ಸಲ ಮಾತು ತೆಗೆದೆ. ಎರಡೂ ಸಲ ದೊಡ್ಡವ್ವ ನನ್ನ ತಾಟಿಗೆ ಇನ್ನಷ್ಟು ಅನ್ನ ಬಡಿಸಿದಳು. ಅವ್ವ ಒಂದು ತಿಂಗಳು ಅಲ್ಲೇ ಇರುತ್ತೇನೆ ಅಂದಳು. ನಾವಿಬ್ಬರೂ ಮರುದಿನ ಹೊರಟೆವು, ನಾನು ಕಣ್ಣು ಮುಚ್ಚಿಕೊಂಡು.

ತಿಂಗಳು ಮುಗಿಯುತ್ತ ಬಂದಾಗ ಕಾರು ತೆಗೆದುಕೊಂಡು ಬರುತ್ತೇನೆ, ದೊಡ್ಡವ್ವನನ್ನೂ ಇಲ್ಲಿಗೆ ಕರೆದುಕೊಂಡು ಬರೋಣ ಎಂದು ಫೋನು ಮಾಡಿದೆ. “ನಾವಾಗಲೇ ಬಸ್ಸಿನ್ಯಾಗ ಅದೇವಿ, ಘಟ್ಟ ಹತ್ತಿ ಮುಗೀತು. ಅಕ್ಕಗ ಮೊಣಕಾಲ ಚಾಚಾಕ ಮುಂದಿನ ಸೀಟ ಸಿಕ್ಕೈತಿ. ಚುರುಮುರಿ ತಿನ್ನಾಕತ್ತೇವಿ” ಅಂದಳು ಅವ್ವ. ಹಿಂದೆ ದೊಡ್ಡವ್ವನ ನಗೆ ಕೇಳುತ್ತಿತ್ತು. ನನಗೆ ಸ್ವಲ್ಪ ಬೇಜಾರಾಯಿತು. ಅಷ್ಟು ಕಷ್ಟಪಟ್ಟು ಕಾರು ಸರಿಮಾಡಿದ್ದೇನಲ್ಲ ಅವ್ವಾ, ಹೇಳಿದ್ದರೆ ಬರುತ್ತಿರಲಿಲ್ಲವೇ ಎಂದು ಕೇಳಿದೆ.

“ಬ್ಯಾಡೋ ಬಸು” ಅಂದಳು ಅವ್ವ. “ನಿನ್ನ ಕಾರಿನ್ಯಾಗ ಕುಂತ್ರ ಸೊಂಟ ಮುರದ ಕೈಯಾಗ ಬರತೈತಿ. ಇದನ್ನ ಮಾತ್ರ ಖರೇನ ಹೇಳಾಕತ್ತೇನಿ.”